ಕಂಬಳಿಯ ನಡುವೆ ಸುರಿದ ನೀರು

ಮಠದ ಸ್ವಾಮಿಗಳಾದ ಅಜ್ಜಾರಿಗೆ ಒಂದು ರೂಢಿಯಿತ್ತು. ಮಠಕ್ಕೆ ಯಾರೇ ಬಂದು ಪ್ರಶ್ನೆ ಕೇಳಲಿ, ಇನ್ನೊಮ್ಮೆ ಕೇಳು ಎನ್ನುತ್ತಿದ್ದರು. ಅವರ ಕಿವಿ ಮಂದವಾಗಿರಲಿಲ್ಲ. ಮೊದಲ ಸಲ ಸಿಟ್ಟು ಕೇಳುತ್ತದೆ, ಎರಡನೆಯ ಸಲ ಮನುಷ್ಯ ಕೇಳುತ್ತಾನೆ ಎಂಬುದು ಅವರ ನಂಬಿಕೆ.

ನೀಲಾಂಬಿಕೆ ಎರಡನೆಯ ಸಲವೂ ಸಿಟ್ಟಿನಲ್ಲೇ ಕೇಳಿದಳು.

"ಕೌದಿ ನಮ್ಮದು, ಹೊಲಿದ ಕೈ ನಮ್ಮದು. ನಿಯಮ ಅಷ್ಟೇ ಅವರದು. ಅಂಥಾ ನಿಯಮ ನಾವು ಯಾಕ ಪಾಲಿಸಬೇಕು, ಅಜ್ಜಾರ?"

ಅವಳು ಅಜ್ಜಾರ ಶಿಷ್ಯೆ. ತನ್ನ ಓಣಿಯ ಹೆಂಗಸರು ಬಟ್ಟೆ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿಗಳನ್ನು ಒಂದು ಹರಾಜು ಜಾಲತಾಣದಲ್ಲಿ ಮಾರುತ್ತಿದ್ದಳು. ತಾಣದವರು ಈಚೆಗೆ ನಿಯಮ ಬದಲಿಸಿದ್ದರು. ಕೊಂಡವರು ಬೇಡವೆನಿಸಿದರೆ ಒಂದು ಗಡುವಿನೊಳಗೆ ಕಾರಣ ಹೇಳದೆ ಹಿಂದಿರುಗಿಸಬಹುದು. ಆ ಗಡುವು ಮುಗಿಯುವವರೆಗೆ ಹಣ ತಾಣದವರ ಬಳಿಯೇ ಇರುತ್ತದೆ. ಕೊಂಡವರ ಬಗ್ಗೆ ಮಾರಿದವರು ಒಂದು ಮಾತೂ ಬರೆಯುವಂತಿಲ್ಲ. ಮೊನ್ನೆ ಯಾರೋ ಹೊಸ ಕೌದಿಯನ್ನು ಮದುವೆಮನೆಯಲ್ಲಿ ಹಾಸಿ, ಅರಿಸಿನದ ಕಲೆಯ ಸಮೇತ ವಾಪಸು ಕಳಿಸಿದ್ದರು. ಓಣಿಯ ಹೆಂಗಸರು ಇನ್ನು ಹೊಲಿಯುವುದಿಲ್ಲ ಎಂದು ಸೂಜಿ ಎತ್ತಿಟ್ಟಿದ್ದರು.

"ಹೋದ ವರ್ಷದ ನಿಯಮ ಛಲೋ ಇತ್ತು, ಒಮ್ಮೆ ಮಾರಿದ್ದು ವಾಪಸು ಬರ್ತಿರಲಿಲ್ಲ. ಈಗ ಕೊಳ್ಳಾವರೆಲ್ಲಾ ಕಳ್ಳರಾಗ್ಯಾರ. ನಾನು ಮಾರಾವರನ್ನೆಲ್ಲಾ ಒಟ್ಟು ಮಾಡಾಕತ್ತೀನಿ. ಈ ನಿಯಮ ಮುರೀತೀವಿ. ನೀವು ಆಶೀರ್ವಾದ ಮಾಡ್ರಿ."

"ಮುರೀಬೇಕಾದ್ದು ಖರೆ," ಎಂದರು ಅಜ್ಜಾರು. "ಕುಂದರು."

ಅವಳು ಕೂರಲಿಲ್ಲ. ಅಜ್ಜಾರು ಕತೆ ಹೇಳಿದರು.

ಒಂದು ಊರಿನಲ್ಲಿ ಹರಾಜಿನ ಕಟ್ಟೆಯಿತ್ತು. ಮಳೆಗಾಲಕ್ಕೆ ಮುಂಚೆ ಅಲ್ಲಿ ಕಂಬಳಿಗಳನ್ನು ಹರಾಜು ಹಾಕುತ್ತಿದ್ದರು. ಕಟ್ಟೆ ಒಬ್ಬ ಸಾವಕಾರನದು. ಮಾರಾಟವಾದ ಪ್ರತಿ ಕಂಬಳಿಯಲ್ಲೂ ಅವನಿಗೆ ಪಾಲು.

ಬೆಲೆ ಕೂಗುವ ಮೊದಲು ಒಂದು ಪದ್ಧತಿಯಿತ್ತು. ಮಾರುವವರು ಕಂಬಳಿಯ ಎರಡು ಮೂಲೆ ಹಿಡಿಯಬೇಕು. ಕೊಳ್ಳುವವರು ಇನ್ನೆರಡು ಮೂಲೆ ಹಿಡಿಯಬೇಕು. ಮೂರನೆಯವರೊಬ್ಬರು ನಡುವೆ ಒಂದು ಕೊಡ ನೀರು ಸುರಿಯಬೇಕು. ನೀರು ನಿಂತರೆ ಬೆಲೆ ಏರುತ್ತಿತ್ತು. ಸೋರಿದರೆ ಇಳಿಯುತ್ತಿತ್ತು.

ಸಾವಕಾರನಿಗೆ ಇದು ನಿಧಾನವೆನಿಸಿತು. ನೀರು ಸುರಿಯುವುದರೊಳಗೆ ಹತ್ತು ಕಂಬಳಿ ಮಾರಬಹುದು ಎಂದು ಲೆಕ್ಕ ಹಾಕಿದ. "ಇನ್ನು ನೀರು ಸುರಿಯುವಂತಿಲ್ಲ. ಕಟ್ಟೆ ಕೆಸರಾಗುತ್ತದೆ. ನನ್ನ ಮುದ್ರೆ ಇದ್ದರೆ ಸಾಕು. ಕೊಂಡ ಮೇಲೆ ಮಾತಿಲ್ಲ" ಎಂದು ಡಂಗುರ ಸಾರಿಸಿದ.

ಕೊಳ್ಳುವವರು ಗೊಣಗಿದರು. ಮಾರುವವರು ನಕ್ಕರು. ಮಾರುವವರಲ್ಲಿ ಒಬ್ಬ ಹೆಂಗಸಿದ್ದಳು. ಮನೆಯವರು ನೇಯುತ್ತಿದ್ದರು, ಅವಳು ಮಾರುತ್ತಿದ್ದಳು. ಒಬ್ಬ ಗಾಡಿಯವನು ಅವಳ ಕಂಬಳಿಯನ್ನು ಬೆಳಕಿಗೆ ಹಿಡಿದು ನೋಡಿದ, ಎಳೆದು ನೋಡಿದ, ಮೂಸಿಯೂ ನೋಡಿದ.

"ಏನಪಾ, ಕನ್ಯಾ ನೋಡಾಕ ಬಂದೀಯೇನ? ತಗೊಳ್ಳೂದಾದರ ತಗೋ," ಎಂದಳು ಅವಳು.

ಸುತ್ತಲಿನವರೆಲ್ಲ ನಕ್ಕರು. ಗಾಡಿಯವನು ನಾಚಿ ಕೊಂಡುಬಿಟ್ಟ.

ನೀರಿನ ಹೆದರಿಕೆ ಹೋದ ಮೇಲೆ ಊರಿನ ಮಗ್ಗಗಳಲ್ಲಿ ನೇಯ್ಗೆ ಸಡಿಲಾಗಿತ್ತು. ಅವಳ ಮನೆಯಲ್ಲೂ ಸಡಿಲಾಗಿತ್ತು. ಅವಳಿಗೆ ಅದು ಗೊತ್ತಿತ್ತು. ಆ ಮಳೆಗಾಲವಿಡೀ ಗಾಡಿಯವನು ಕಂಬಳಿ ಹೊದ್ದುಕೊಂಡೇ ನೆನೆದ.

ಮರುವರ್ಷ ಕಟ್ಟೆಗೆ ಕೊಳ್ಳುವವರು ಕಡಿಮೆಯಾದರು. ಸಾವಕಾರ ನೀರು ಬೇಡವೆಂಬ ನಿಯಮ ಹಾಗೇ ಇಟ್ಟು ಇನ್ನೊಂದು ನಿಯಮ ತಂದ. ಕೊಂಡ ಕಂಬಳಿಯನ್ನು ಮಳೆಗಾಲ ಮುಗಿಯುವವರೆಗೆ ಯಾವಾಗ ಬೇಕಾದರೂ ಹಿಂದಿರುಗಿಸಬಹುದು. ಅಲ್ಲಿಯವರೆಗೆ ಹಣ ಅವನ ಪೆಟ್ಟಿಗೆಯಲ್ಲಿ. ಕಂಬಳಿ ಹಿಂದಿರುಗಿದರೂ ಅವನ ಪಾಲು ಅವನಿಗೇ.

ಈಗ ಕೊಳ್ಳುವವರು ನಕ್ಕರು. ಮಳೆಗಾಲವೆಲ್ಲ ಹೊದ್ದರು, ಮಳೆ ನಿಲ್ಲುವ ಹೊತ್ತಿಗೆ ತಂದು ಎಸೆದರು. ಗಾಡಿಯವನು ಅವಳಿಂದಲೇ ಹೊಸ ಕಂಬಳಿಯೊಂದನ್ನು ಕೊಂಡು ಎತ್ತಿನ ಬೆನ್ನಿಗೆ ಹೊದಿಸಿದ. ಸಗಣಿ ಮೆತ್ತಿದ್ದನ್ನು ಹಾಗೇ ತಂದು ಅವಳ ಮುಂದಿಟ್ಟ.

"ಕನ್ಯಾ ಪಸಂದ ಬರಲಿಲ್ಲ, ಅಕ್ಕಾ," ಎಂದ.

ಆ ವರ್ಷ ಅವಳ ಮನೆಗೆ ಉಣ್ಣೆ ತರಲು ಏನೂ ಉಳಿಯಲಿಲ್ಲ. ಮಗ್ಗ ನಿಂತಿತು. ಹೀಗೆ ಎಷ್ಟೋ ಮಗ್ಗ ನಿಂತವು. ಮಾರುವವರು ಕೊಳ್ಳುವವರನ್ನು ಕಳ್ಳರೆಂದರು. ಕೊಳ್ಳುವವರು ಮಾರುವವರನ್ನು ಮೋಸಗಾರರೆಂದರು. ಕಟ್ಟೆಯ ಬಾಗಿಲಲ್ಲಿ ಹೊಡೆದಾಟವೇ ಆಯಿತು. ಸಾವಕಾರ ನಡುವೆ ಬಂದು ಬಿಡಿಸಿದ. ಎರಡೂ ಕಡೆಯವರು ಅವನಿಗೆ ಕೈಮುಗಿದರು.

ಆ ಹೆಂಗಸು ಅಂದು ಕೈಮುಗಿಯಲಿಲ್ಲ. ಮುಂದಿನ ಹರಾಜಿಗೆ ಅವಳು ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಬಂದಳು. ಗಾಡಿಯವನು ಹಿಂದಿರುಗಿಸಿದ್ದ ಕಂಬಳಿಯನ್ನೇ ತೊಳೆದು ಒಣಗಿಸಿ ಹೆಗಲ ಮೇಲೆ ಹಾಕಿಕೊಂಡಿದ್ದಳು. ಕಾವಲಿನವನು ಅಡ್ಡ ಬಂದ.

"ನೀರು ಒಳಗ ತರೂ ಹಂಗಿಲ್ಲ."

"ಹಂಗಿಲ್ಲ ಅಂತನ ತಂದೀನಿ," ಎಂದು ಅವಳು ಒಳಗೆ ನಡೆದಳು. ಗಾಡಿಯವನನ್ನು ಕೂಗಿದಳು. "ಬಾರಪಾ, ಆ ಕಡೆ ಹಿಡಿ."

ಗಾಡಿಯವನು ಅನುಮಾನಿಸಿದ. ಇನ್ನೇನು ತಮಾಷೆ ಕಾದಿದೆಯೋ ಎಂದುಕೊಂಡ. ಆದರೂ ಬಂದು ಎರಡು ಮೂಲೆ ಹಿಡಿದ. ನೋಡುತ್ತ ನಿಂತಿದ್ದ ಮುದುಕಿಯೊಬ್ಬಳು ಕೊಡ ಎತ್ತಿ ಸುರಿದಳು.

ನೀರು ನಿಲ್ಲಲಿಲ್ಲ. ಎಲ್ಲರ ಎದುರಿಗೆ ಸೋರಿ ನೆಲಕ್ಕೆ ಬಿತ್ತು.

"ನಮ್ಮೆಲ್ಲರ ಮಾನ ಕಳೀತೀಯೇನ?" ಎಂದು ಮಾರುವವರು ಕೂಗಿದರು.

"ಸೋರ್ತೈತಿ. ನನಗ ಗೊತ್ತಿತ್ತು. ಇದಕ್ಕ ಸೋರೂ ಕಂಬಳಿ ರೇಟು ಕೊಡ್ರಿ. ನೋಡಿ ತಗೊಂಡ ಮ್ಯಾಲೆ ತಿರುಗಿ ತರಬ್ಯಾಡ್ರಿ," ಎಂದಳು ಅವಳು.

ಸಾವಕಾರ ಗದ್ದುಗೆಯಿಂದ ಇಳಿದು ಬಂದ. ಅವನಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

"ಹುಚ್ಚಿ, ನೀರು ಬ್ಯಾಡ ಅಂದ ನಿಯಮದಿಂದ ಲಾಭ ತಿಂದಾಕಿ ನೀನು. ನಷ್ಟ ಆದ ನಿಯಮ ಬಿಟ್ಟು ಅದನ್ನ ಯಾಕ ಮುರೀತಿ?"

"ನಷ್ಟದ್ದು ಮುರಿಯಾಕ ಬಂದಿದ್ದರ ನಾವು ಮಾರಾವರಷ್ಟ ನಿಂದರಬೇಕಿತ್ತು, ಸಾವಕಾರ್ರ. ಇದನ್ನ ಮುರಿದರ ಈ ಗಾಡಿಯವನೂ ನನ್ನ ಜೋಡಿ ನಿಂದರ್ತಾನ."

"ಇಬ್ಬರೂ ಹೊರಗ ನಡೀರಿ," ಎಂದ ಸಾವಕಾರ.

ಇಬ್ಬರೂ ನಡೆದರು. ಯಾರೂ ತಮ್ಮ ಮೂಲೆ ಬಿಡಲಿಲ್ಲ. ಒದ್ದೆ ಕಂಬಳಿ ಇಬ್ಬರ ನಡುವೆ ತೂಗುತ್ತಿತ್ತು. ಮುದುಕಿ ಖಾಲಿ ಕೊಡ ಹೊತ್ತು ಹಿಂದೆ ಹೋದಳು. ದಾರಿಯ ಆಚೆ ಬಯಲಿನಲ್ಲಿ ಅವರು ನಿಂತರು. ಸ್ವಲ್ಪ ಹೊತ್ತಿಗೆ ಮಾರುವವನೊಬ್ಬ ತನ್ನ ಕಂಬಳಿಗಳನ್ನು ಕಟ್ಟಿಕೊಂಡು ಅತ್ತ ಹೊರಟ. ಅವನನ್ನು ಕಂಡು ಕೊಳ್ಳುವವನೊಬ್ಬ ನೀರು ತರಲು ಓಡಿದ.

ಅಜ್ಜಾರು ಕತೆ ನಿಲ್ಲಿಸಿದರು.

"ಆತು ಅಜ್ಜಾರ," ಎಂದಳು ನೀಲಾಂಬಿಕೆ. ಅವಳ ಕಣ್ಣು ಹೊಳೆಯುತ್ತಿತ್ತು. "ನಾವೂ ಹೊರಗ ಬರ್ತೀವಿ. ನಾಳೆ ಮಾರಾವರೆಲ್ಲಾ ಕೂಡತಾರ. ಅವರ ಮುಂದ ನಾನು ಮೊದಲ ಏನು ಹೇಳಲಿ?"

ಅಜ್ಜಾರು ಅವಳ ಮುಖವನ್ನೇ ನೋಡಿದರು.

"ನಿನಗ ಲಾಭ ಕೊಟ್ಟ ನಿಯಮ ಯಾವುದಿತ್ತು, ಅದನ್ನ ಮೊದಲ ನನಗ ಹೇಳವ್ವಾ."