ಸಿಂಗ್ರಿ ಜೇಸಿಬಿ ರಿಜಿಸ್ಟರ್ ಮಾಡಿಸಿದ್ದು

ಪುಟ್ಟಕೆಂಪಮ್ಮನಿಗೆ ಒಬ್ಬನೇ ಮಗ, ಸಿಂಗ್ರಿ. ಇಂಥವನು ಇನ್ನೊಬ್ಬನಿದ್ದಿದ್ದರೆ ಆಯಮ್ಮ ಎಂದೋ ಊರು ಬಿಡುತ್ತಿದ್ದಳು. ಜೇಸಿಬಿ ಓಡಿಸುವುದರಲ್ಲಿ ಸಿಂಗ್ರಿ ಎತ್ತಿದ ಕೈ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದರಲ್ಲಿ ಇನ್ನೂ ಎತ್ತಿದ ಕೈ.

ಮನೆ ಡಾಂಬರು ರಸ್ತೆಯ ಈಚೆಗೆ, ಹೊಲ ಆಚೆಗೆ. ಮಳೆ ಬೀಳುವುದರೊಳಗೆ ಹೊಲದಲ್ಲೊಂದು ಕೃಷಿ ಹೊಂಡ ತೋಡಬೇಕು, ಈ ವರ್ಷವಾದರೂ ತನ್ನ ಹೊಲದ ನೀರು ತನ್ನ ಹೊಲದಲ್ಲೇ ನಿಲ್ಲಬೇಕು. ಪುಟ್ಟಕೆಂಪಮ್ಮನಿಗೆ ಇದ್ದದ್ದು ಅದೊಂದೇ ಆಸೆ. ಹೊಸದಾಗಿ ಕೊಂಡ ಜೇಸಿಬಿಯೇನೋ ಹಿತ್ತಲಲ್ಲೇ ಇತ್ತು. ಲಾರಿ ಮೇಲೆ ಬಂದು ಇಳಿದದ್ದು, ಅಲ್ಲಿಯವರೆಗೆ ರಸ್ತೆ ತುಳಿದದ್ದೇ ಇಲ್ಲ.

ಸಿಂಗ್ರಿ ಅದನ್ನು ರಸ್ತೆಗೆ ತಂದ. ಬ್ರೇಕ್ ಇನ್‌ಸ್ಪೆಕ್ಟರು ಅಡ್ಡ ಹಾಕಿದರು. ಹೊಲದ ಕೆಲಸದ್ದಾದರೇನು, ರಸ್ತೆಗೆ ಬಂದ ಮೇಲೆ ನಂಬರ್ ಇರಲೇಬೇಕು ಎಂದು ಗದರಿಸಿ ವಾಪಸ್ ಕಳಿಸಿದರು. ಅವ್ವ ಬೈದಳು. ನಂಬರ್ ಪ್ಲೇಟ್ ಕಟ್ಟಿಕೊಂಡು ಹೋಗು ಅಂದಳು.

ಸಿಂಗ್ರಿ ಅಡಿಗೆಮನೆಗೆ ಹೋದ. ಎರಡು ಸ್ಟೀಲ್ ಪ್ಲೇಟ್ ತಂದ. ಒಂದರಿಂದ ನೂರರವರೆಗೆ ಬರೆದ. ಹಿಂದೊಂದು ಮುಂದೊಂದು ಕಟ್ಟಿದ. ಮತ್ತೆ ರಸ್ತೆಗೆ ಹೋದ, ಮತ್ತೆ ಉಗಿಸಿಕೊಂಡು ಬಂದ.

"ಯಾವ ನಂಬರು ಅಂತ ನೀನು ಹೇಳ್ನಿಲ್ಲ ಕಣವ್ವ, ಅದ್ಕೇ ಎಲ್ಲಾನೂ ಬರ್ದೆ."

ಅವ್ವ ಹಣೆ ಚಚ್ಚಿಕೊಂಡಳು. ನಂಬರು ನಾವು ಬರೆದುಕೊಳ್ಳುವುದಲ್ಲ, ಆಫೀಸಿಗೆ ಹೋಗಿ ರಿಜಿಸ್ಟರ್ ಮಾಡಿಸಬೇಕು ಅಂದಳು.

ರಿಜಿಸ್ಟರ್ ಅಂದರೆ ಸಿಂಗ್ರಿ ಕಂಡದ್ದು ಒಂದೇ, ಸೋದರಮಾವನ ಮಗ ಮಾಡಿಕೊಂಡ ರಿಜಿಸ್ಟರ್ ಮದುವೆ. ಮಡಿ ಪಂಚೆ ಉಟ್ಟ. ಎರಡು ಹಾರ ಕೊಂಡ, ಚಿಕ್ಕದೊಂದು, ಭಾರಿ ದೊಡ್ಡದೊಂದು. ಸಾಕ್ಷಿಗೆ ಮೂವರನ್ನು ಕರೆದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿ ಹೊಕ್ಕ. ಗುಮಾಸ್ತರು ಹುಡುಗಿ ಎಲ್ಲಪ್ಪಾ ಎಂದು ಕೇಳಿದರು.

"ಹಿತ್ತಲಲ್ಲಿ ನಿಂತವ್ಳೆ ಸ್ವಾಮಿ. ಎಂಟು ಟನ್ನು. ರಸ್ತೆಗೆ ಬಿಡಕ್ಕಿಲ್ಲ ಅಂತಾರೆ."

ಗುಮಾಸ್ತರು ನಕ್ಕು ನಕ್ಕು ಸುಸ್ತಾದರು. ಗಾಡಿಗಳಿಗೆ ಆರ್‌ಟಿಓ ಆಫೀಸು ಬೇರೆ ಇದೆ ಎಂದು ಹೇಳಿ, ಹಾರದ ಸಮೇತ ವಾಪಸ್ ಕಳಿಸಿದರು.

ಇವನನ್ನು ನಂಬಿದರೆ ಆಗುವುದಿಲ್ಲ ಎಂದು ಪುಟ್ಟಕೆಂಪಮ್ಮ ತಾನೇ ಪೇಟೆಗೆ ಹೊರಟಳು. ಬಸ್ಸು ಹತ್ತುವ ಮುಂಚೆ ಮಗನ ಕಿವಿ ಹಿಡಿದು ಹೇಳಿದಳು.

"ನಂಬರ್ ಬರೋಗಂಟ ರಸ್ತೆ ಮೇಲೆ ಒಂದ್ ಚಕ್ರನೂ ಇಡಬ್ಯಾಡ. ತಿಳೀತಾ?"

ತಿಳೀತು ಅಂದ ಸಿಂಗ್ರಿ.

ಆರ್‌ಟಿಓ ಆಫೀಸಿನಲ್ಲಿ ಅರ್ಜಿ ತೆಗೆದುಕೊಂಡರು, ನಂಬರ್ ಸಿಗಲು ಹದಿನೈದು ದಿನವಾದರೂ ಬೇಕು ಅಂದರು. ಆಕಾಶ ನೋಡಿದರೆ ಹದಿನೈದು ಗಂಟೆ ಕಾಯುವಂತಿರಲಿಲ್ಲ. ಪುಟ್ಟಕೆಂಪಮ್ಮ ಸಪ್ಪೆ ಮುಖ ಮಾಡಿಕೊಂಡು ಸಂಜೆ ಬಸ್ಸಿಗೆ ವಾಪಸ್ ಬಂದಳು. ಊರ ಹತ್ತಿರ ಬಸ್ಸು ನಿಂತೇಬಿಟ್ಟಿತು. ಎಲ್ಲರೂ ಇಳಿದರು. ಅವಳೂ ಇಳಿದಳು.

ಮೊದಲು ಕಣ್ಣಿಗೆ ಬಿದ್ದದ್ದು ಅವಳ ಹೊಲ. ಹೊಲದಲ್ಲಿ ಹೊಂಡ! ಎಷ್ಟು ಆಳ, ಎಷ್ಟು ಚೆಂದದ ಬದು. ಪಕ್ಕದಲ್ಲಿ ಜೇಸಿಬಿ. ಮೊದಲ ಹನಿ ಬೀಳುತ್ತಿತ್ತು. ಅವಳ ಹೊಟ್ಟೆ ತಣ್ಣಗಾಯಿತು, ಮಗನನ್ನು ಹೆತ್ತದ್ದು ಸಾರ್ಥಕ ಅನ್ನಿಸಿತು. ಆಮೇಲೆ ಬಸ್ಸು ಯಾಕೆ ನಿಂತಿದೆ ಎಂದು ಮುಂದೆ ನೋಡಿದಳು. ರಸ್ತೆಗೆ ಅಡ್ಡಲಾಗಿ ಜೇಸಿಬಿ ಅಗಲದ ಕಾಲುವೆ. ಆಚೆ ದಡದಲ್ಲಿ ಬ್ರೇಕ್ ಇನ್‌ಸ್ಪೆಕ್ಟರು, ಅವರ ಜೀಪು. ಈಚೆ ದಡದಲ್ಲಿ ಸಿಂಗ್ರಿ.

"ನಾನೇನ್ಲಾ ಹೇಳಿದ್ದೆ?"

"ರಸ್ತೆ ಮೇಲೆ ಚಕ್ರ ಇಡಬ್ಯಾಡ ಅಂದಿದ್ದೆ. ಇಟ್ಟಿಲ್ಲ ಕಣವ್ವ."

ಇನ್‌ಸ್ಪೆಕ್ಟರು ಕಾಲುವೆಯೊಳಗೆ ಬಗ್ಗಿ ನೋಡಿದರು. ಕೊನೆಗೆ ರಸ್ತೆ ಎಲ್ಲಯ್ಯಾ ಎಂದಷ್ಟೇ ಕೇಳಿದರು. ಸಿಂಗ್ರಿ ಬೇಲಿ ಪಕ್ಕದ ಡಾಂಬರು ಜಲ್ಲಿ ಗುಡ್ಡೆ ತೋರಿಸಿದ.

"ಜ್ವಾಪಾನವಾಗಿ ಎತ್ತಿಟ್ಟಿವ್ನಿ ಸ್ವಾಮಿ. ನಂಬರ್ ಬಂದ ತಕ್ಷಣ ಹಾಸ್ಕೊಡ್ತೀನಿ."