ಮುದ್ದುರಂಗನೂ ಕೆಂಪು ಕಾರಿನ ಮುಚ್ಚಳವೂ

ಕೇಳೋರು ಹ್ಞೂಂಗುಟ್ತಾ ಇರಬೇಕು. ಕಣ್ಣು ಮುಚ್ಚಿಕೊಂಡ್ರೂ ಪರವಾಗಿಲ್ಲ, ಹ್ಞೂಂ ಮಾತ್ರ ನಿಲ್ಲಬಾರ್ದು. ನಿಂತ್ರೆ ನಾನೂ ನಿಲ್ಲಿಸಿಬಿಡ್ತೀನಿ, ಆಮೇಲೆ ಮುದ್ದುರಂಗ ಪಾಪ ದಾರೀಲೇ ನಿಂತುಬಿಡ್ತಾನೆ.

ಗುಡ್ಡದ ಬುಡದಲ್ಲಿ ಒಂದು ಗ್ಯಾರೇಜು. ಆ ಗ್ಯಾರೇಜಿನಲ್ಲಿ ಚನ್ನಾಜಮ್ಮ ಅಂತ ಒಬ್ಬ ತಾಯಿ, ಅವಳಿಗೆ ಮುದ್ದುರಂಗ ಅಂತ ಒಬ್ಬನೇ ಮಗ. ಆಳು ನೋಡಿದ್ರೆ ಬಾಗಿಲೆತ್ತರ. ಬುದ್ಧಿ ಮಾತ್ರ ಹೇಳಿಕೊಟ್ಟಷ್ಟೇ. ಅದಕ್ಕಿಂತ ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿ ಇಲ್ಲ. "ಇವನನ್ನ ಕಟ್ಕೊಂಡು ಹೆಂಗಪ್ಪಾ ಬಾಳ್ಲಿ!" ಅಂತ ಚನ್ನಾಜಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು. ರಂಗ ಬಂದು ಅವಳ ಕೈ ಹಿಡ್ಕೊಂಡು, "ನೋಯುತ್ತೆ ಕಣವ್ವ," ಅನ್ನೋನು.

ಗ್ಯಾರೇಜಿನ ಮೂಲೇಲಿ ಒಂದು ಕೆಂಪು ಕಾರು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಮುಂದಕ್ಕೆ ಉದ್ದ ಮೂತಿ. ಅಜ್ಜನ ಕಾಲದ ಓಟದ ಕಾರು. ರಂಗನ ಅಪ್ಪ ಮೆಕ್ಯಾನಿಕ್ ಪುಟ್ಟಸೋಮಣ್ಣ ತುಕ್ಕಿನ ರಾಶಿಯಿಂದ ಅದನ್ನ ಎಬ್ಬಿಸಿ ಕೂರಿಸಿದ್ದ. "ಇದರಲ್ಲಿ ನಿನ್ನ ಗುಡ್ಡದ ತುದೀಗೆ ಕರ್ಕೊಂಡು ಹೋಗ್ತೀನಿ ಕಣೇ. ಅಲ್ಲಿ ಮೋಡ ನಮ್ಮ ಕಾಲ ಕೆಳಗೆ ಹೋಗ್ತಾವೆ. ಕೂತು ಕಾಫಿ ಕುಡಿಯೋಣ," ಅಂತ ಹೆಂಡತಿಗೆ ಮಾತು ಕೊಟ್ಟಿದ್ದ. ಎಷ್ಟು ಸಲ ಹೊರಟ್ರೂ ಅದೇ ಪಾಡು. ಏಳನೇ ತಿರುವಿಗೆ ರೇಡಿಯೇಟರ್ ಕೊತಕೊತ ಕುದಿಯೋದು, ನೀರೆಲ್ಲ ಹಬೆಯಾಗಿ ಹೋಗೋದು, ಗಂಡ ಹೆಂಡತಿ ವಾಪಸ್ ಬರೋರು. ಹಂಗೇ ಒಂದು ದಿನ ಪುಟ್ಟಸೋಮಣ್ಣನೂ ಹೋಗಿಬಿಟ್ಟ.

"ಗುಡ್ಡ ಹತ್ತದ ಕಾರು ಇಟ್ಕೊಂಡು ಏನ್ಮಾಡ್ಲಿ?" ಅಂತ ಚನ್ನಾಜಮ್ಮ ಅದನ್ನ ಪುಣೆಯವರೊಬ್ಬರಿಗೆ ಮಾರೋಕೆ ಒಪ್ಪಿಬಿಟ್ಟಳು. ಸೋಮವಾರ ಬಂದು ತಗೊಂಡು ಹೋಗೋದು ಅಂತ ಮಾತಾಯ್ತು. ಒಪ್ಪಿದ್ದೇನೋ ಒಪ್ಪಿದಳು, ಆಮೇಲೆ ಎದ್ದಾಗ ಕೂತಾಗ ಹೋಗಿ ಆ ಕಾರನ್ನೇ ಒರೆಸೋಳು. ಅವಳ ತಮ್ಮ ವೀರಭದ್ರನೂ ಮೆಕ್ಯಾನಿಕ್ಕೇ. ಅಕ್ಕನ ಮುಖ ನೋಡಿ ಅವನಿಗೆ ಸಂಕಟ ಆಯ್ತು.

"ಅಕ್ಕಾ, ಭಾನುವಾರ ನಿನ್ನ ತುದೀಗೆ ಹತ್ತಿಸ್ತೀನಿ. ಈ ರೇಡಿಯೇಟರ್ ಬಾಯಿ ಬಿಟ್ಕೊಂಡಿದೆ, ಅದಕ್ಕೇ ನೀರು ಬೇಗ ಕುದಿಯುತ್ತೆ. ಬಾಯಿ ಬಿಗಿಯಾಗಿ ಮುಚ್ಚಿ, ಒಳಗೆ ಒತ್ತಡ ನಿಲ್ಲೋ ಹಂಗೆ ಮಾಡಿದ್ರೆ ಬೇಗ ಕುದಿಯಲ್ಲ. ಗಟ್ಟಿ ಪೈಪು, ಸ್ಪ್ರಿಂಗ್ ಇರೋ ಮುಚ್ಚಳ, ಉಕ್ಕಿದ್ದನ್ನ ಹಿಡಿಯೋಕೆ ಪಕ್ಕದಲ್ಲೊಂದು ಬಾಟ್ಲಿ. ನಿನ್ನ ಕುಕ್ಕರ್ ಇದ್ದಂಗೆ ಕಣಕ್ಕ!"

ಕುಕ್ಕರ್ ಇದ್ದಂಗೆ. ರಂಗ ಅದನ್ನ ಮನಸ್ಸಲ್ಲಿ ಇಟ್ಕೊಂಡ.

"ಲೋ ರಂಗ, ಪೇಟೆಗೆ ಹೋಗಿ ಮುಚ್ಚಳ ತಗೊಂಡು ಬಾ," ಅಂದಳು ತಾಯಿ. "ಎರಡು ಕೈಲೂ ಹಿಡ್ಕೋ, ಕೆಳಗೆ ಬೀಳಿಸಬೇಡ!"

ಹೋದ. ಮುಚ್ಚಳ ತಗೊಂಡ. ಎರಡು ಕೈಲೂ ಹಿಡ್ಕೊಂಡ. ಬಸ್ಸು ಬಂತು. ಹತ್ತೋಕೆ ಕಂಬಿ ಹಿಡೀಬೇಕು, ಕಂಬಿ ಹಿಡಿಯೋಕೆ ಕೈಯೆಲ್ಲಿ? ಆ ಬಸ್ಸು ಬಿಟ್ಟ, ಇನ್ನೊಂದು ಬಸ್ಸೂ ಬಿಟ್ಟ. ಹನ್ನೆರಡು ಮೈಲಿ ಬೊಗಸೆ ಒಡ್ಡಿಕೊಂಡೇ ನಡೆದ. ಬೊಗಸೇಲಿ ಮುಚ್ಚಳ ಮಿರಮಿರ ಮಿಂಚೋದು, ಅದರೊಳಗೆ ಒಂದು ಪುಟಾಣಿ ಆಕಾಶ ಕಾಣೋದು. ರಂಗ ಅದನ್ನೇ ನೋಡ್ತಾ ನೋಡ್ತಾ ಬಂದ. ಮನೆ ಸೇರೋವಾಗ ದೀಪ ಹಚ್ಚೋ ಹೊತ್ತು.

"ಅಯ್ಯೋ ಪೆದ್ದೇ! ಜೇಬಲ್ಲಿ ಹಾಕ್ಕೊಂಡು ಬಸ್ಸಲ್ಲಿ ಬರೋದಲ್ವೇನೋ!"

"ಹ್ಞೂಂ ಅವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ವೀರಭದ್ರ, "ಕೂಲಂಟ್ ತಗೊಂಡು ಬಾರೋ, ರೇಡಿಯೇಟರಿಗೆ ಹಾಕೋ ಹಸಿರು ನೀರು," ಅಂದ. ರಂಗ ಹೋದ. ಅಂಗಡಿಯವರು ಕ್ಯಾನು ಕೊಟ್ರು. ಕ್ಯಾನು ಜೇಬಲ್ಲಿ ಹಿಡೀಲಿಲ್ಲ. ಅವ್ವ ಹೇಳಿದ್ದು ಜೇಬು! ಮುಚ್ಚಳ ತಿರುಗಿಸಿದ, ಎಡಜೇಬಿಗೆ ಅರ್ಧ, ಬಲಜೇಬಿಗೆ ಅರ್ಧ ಸುರಿದುಕೊಂಡ, ಬಸ್ಸು ಹತ್ತಿದ. ಬಸ್ಸೆಲ್ಲ ಹಸಿರು. ಕಂಡಕ್ಟರ್ "ಇಳಿಯಯ್ಯಾ ಮಾರಾಯ!" ಅಂತ ಕೂಗಿದ. ರಂಗ ನೆಟ್ಟಗೆ ಕೂತಿದ್ದ, ಕಿಟಕಿ ಆಚೆ ಹೊಲ ಹಸಿರು, ಈಚೆ ತಾನೂ ಹಸಿರು.

"ಅಯ್ಯೋ ನನ್ನ ಕರ್ಮವೇ! ನಾನು ಎಣ್ಣೆ ತರೋದು ಹೆಂಗೋ? ಕ್ಯಾನಲ್ಲಿ ತಾನೇ? ಇನ್ಮೇಲೆ ಮನೇಲಿ ನಾನು ಹೆಂಗೆ ಮಾಡ್ತೀನೋ ಹಂಗೇ ಮಾಡು!"

"ಹ್ಞೂಂ ಅವ್ವ, ಹಂಗೇ ಮಾಡ್ತೀನಿ."

ವೀರಭದ್ರನೇ ಹೋಗಿ ಬೇರೆ ಕ್ಯಾನು ತಂದ. ಪೈಪು ಬಿಗಿದ, ಬಾಟ್ಲಿ ಕೂರಿಸಿದ, ಹಸಿರು ನೀರು ತುಂಬಿದ, ಮುಚ್ಚಳ ಹಾಕಿದ, ಇಂಜಿನ್ ಚಾಲೂ ಮಾಡಿದ. "ರಂಗ, ಐದು ನಿಮಿಷ ನೋಡ್ಕೊಂಡಿದ್ದು ಆಫ್ ಮಾಡು. ಊಟ ಮಾಡಿ ಬರ್ತೀನಿ," ಅಂತ ಒಳಗೆ ಹೋದ. ಉಂಡ ಮೇಲೆ ಅಲ್ಲೇ ನಿದ್ದೆ ಹೊಡೆದ.

ರಂಗ ಯೋಚನೆ ಮಾಡಿದ. ಕಾರು ಕುಕ್ಕರ್ ಇದ್ದಂಗೆ. ಅವ್ವ ಮನೇಲಿ ಕುಕ್ಕರ್ ಆಫ್ ಮಾಡೋದು ಯಾವಾಗ? ನಿಮಿಷ ನೋಡಲ್ಲ, ಮೂರು ಸೀಟಿ ಆದ ಮೇಲೆ! ಸರಿ, ಕಾರಿನ ಪಕ್ಕ ಕೂತ, ಸೀಟಿಗೆ ಕಿವಿ ಕೊಟ್ಟ. ಇಂಜಿನ್ ಗುಡುಗುಡು ಅಂತಿತ್ತು. ಅಪ್ಪ ಮಧ್ಯಾಹ್ನ ಮಲಗಿದಾಗ ಹಿಂಗೇ ಗೊರಕೆ ಹೊಡೆಯೋನು. ರಂಗನಿಗೆ ಜೊಂಪು ಹತ್ತಿತು. ಜೊಂಪಿನಲ್ಲಿ ಅಪ್ಪ ಬಂದು, "ಸೀಟಿ ಆಯ್ತೇನೋ ಮಗಾ?" ಅಂದ. "ಇನ್ನೂ ಇಲ್ಲ ಕಣಪ್ಪಾ," ಅಂದ ರಂಗ. ಹಂಗೇ ಮೂರು ಗಂಟೆ ಹೊತ್ತು ಕಳೀತು, ಪೆಟ್ರೋಲೆಲ್ಲ ಖಾಲಿಯಾಗಿ ಇಂಜಿನ್ ತಾನೇ ನಿಂತಿತು.

ವೀರಭದ್ರ ಓಡಿ ಬಂದ. "ಲೋ ಹಾಳಾದವನೇ! ಮೂರು ಗಂಟೆ ಓಡಿಸಿದ್ಯೇನೋ!" ಅಂತ ಕಾರಿನ ಬಿಸಿ ತೋರಿಸೋ ಮುಳ್ಳು ನೋಡಿದ. ಮುಳ್ಳು ಕೆಂಪು ಗೆರೆ ಮುಟ್ಟಿಲ್ಲ, ನೆಲದ ಮೇಲೆ ಒಂದು ತೊಟ್ಟು ನೀರಿಲ್ಲ! "ಅಕ್ಕಾ, ಗೆದ್ವಿ! ಕುದೀಲಿಲ್ಲ!"

ಚನ್ನಾಜಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ರಂಗ ಖುಷಿಯಿಂದ ಮುಚ್ಚಳಕ್ಕೆ ಕೈ ಹಾಕಿದ. ವೀರಭದ್ರ ಆ ಕೈಮೇಲೆ ಪಟ್ ಅಂತ ಹೊಡೆದ.

"ಸುಟ್ಟು ಹೋಗ್ತೀಯೋ! ಬಿಸಿ ಇದ್ದಾಗ ಮುಚ್ಚಳ ತೆಗೀಬಾರ್ದು. ತಣ್ಣಗಾಗೋ ತನಕ ಕಾಯ್ಬೇಕು. ಯಾರು ಬೇಡ್ಕೊಂಡ್ರೂ ತೆಗೀಬಾರ್ದು!"

"ಹ್ಞೂಂ ಮಾವ, ಯಾರು ಬೇಡ್ಕೊಂಡ್ರೂ ತೆಗೆಯಲ್ಲ."

ಭಾನುವಾರ ಬೆಳಕು ಹರಿಯೋ ಹೊತ್ತಿಗೆ ಹೊರಟ್ರು. ಮಾವ ಸ್ಟೇರಿಂಗ್ ಹಿಡಿದ, ತಾಯಿ ಪಕ್ಕದಲ್ಲಿ, ರಂಗ ಹಿಂದೆ ಡಿಕ್ಕಿ ಮೇಲೆ ಕಾಲು ಚಾಚಿಕೊಂಡು, ಮಡಿಲಲ್ಲಿ ಕಾಫಿ ಫ್ಲಾಸ್ಕು. ಐದನೇ ತಿರುವು ಹೋಯ್ತು, ಆರನೇದು ಹೋಯ್ತು. ಏಳನೇ ತಿರುವಿಗೆ ಚನ್ನಾಜಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ತೆಗೆದಾಗ ಎಂಟನೇದೂ ಹಿಂದಾಗಿತ್ತು.

ತುದಿ! ಮೋಡ ನಿಜವಾಗ್ಲೂ ಕಾಲ ಕೆಳಗೇ ಹೋಗ್ತಿದ್ವು. ಊರಿಲ್ಲ, ರಸ್ತೆ ಇಲ್ಲ, ಗ್ಯಾರೇಜಿಲ್ಲ, ಬರೀ ಬೆಳ್ಳಗೆ. ಚನ್ನಾಜಮ್ಮ ಬಂಡೆ ಮೇಲೆ ಕೂತಳು. "ರಂಗ, ಬಿಸಿ ಬಿಸಿ ಕಾಫಿ ಕೊಡಪ್ಪಾ. ಕುಡಿದು ಬೇಗ ಹೊರಡೋಣ, ಮನೇಲಿ ಕೆಲಸ ಬಿದ್ದಿದೆ."

"ಬಿಸಿ ಇದೆಯೇನವ್ವ?"

"ಇರದೆ ಏನು? ಸುಡ್ತಿರುತ್ತೆ!"

"ಹಂಗಾದ್ರೆ ಮುಚ್ಚಳ ತೆಗೀಬಾರ್ದು. ತಣ್ಣಗಾಗ್ಲಿ."

"ಫ್ಲಾಸ್ಕು ಕಣೋ! ಸಂಜೆ ತನಕ ಬಿಸಿ ಇರುತ್ತೆ!"

"ಹಂಗಾದ್ರೆ ಸಂಜೆ ತನಕ ಕಾಯೋಣ," ಅಂತ ರಂಗ ಫ್ಲಾಸ್ಕನ್ನ ಎದೆಗವಚಿಕೊಂಡು ಎತ್ತರದ ಬಂಡೆ ಹತ್ತಿ ಕೂತ. ಬೈದಳು, ಇಳೀಲಿಲ್ಲ. ಬೇಡಿಕೊಂಡಳು, ಇಳೀಲಿಲ್ಲ. ಮಾವ ನಕ್ಕು ನಕ್ಕು ಸಾಕಾಗಿ ಕಾರಿನ ನೆರಳಲ್ಲಿ ಮಲಗಿಬಿಟ್ಟ. ಬೈದು ಬೈದು ಚನ್ನಾಜಮ್ಮ ಸುಮ್ಮನಾದಳು. ಸುಮ್ಮನಾದ ಮೇಲೆ ನೋಡಿದಳು. ಬೆಳಗಿನ ಮೋಡ ನೋಡಿದಳು, ಮಧ್ಯಾಹ್ನದ ಮೋಡ ನೋಡಿದಳು. ಗಂಡ ಪಕ್ಕದಲ್ಲೇ ಕೂತಂಗಾಯ್ತು. ಮನೆಕೆಲಸ ಮರೆತೇಹೋಯ್ತು. ಹುಟ್ಟಿದ ಮೇಲೆ ಒಂದಿಡೀ ದಿನ ಅವಳು ಹಂಗೆ ಕೂತಿದ್ದು ಅದೇ ಮೊದಲು.

ಹೊತ್ತು ಇಳೀತು. ರಂಗ ಬಂಡೆ ಇಳಿದು ಬಂದು ಕಾಫಿ ಬಗ್ಗಿಸಿದ. ಒಂದು ಗುಟುಕು ಕುಡಿದಳು ತಾಯಿ. ಆರಿ ಹೋಗಿತ್ತು.

"ಥೂ ಪೆದ್ದೇ! ಬಿಸಿ ಇದ್ದಾಗಲೇ ಮುಚ್ಚಳ ತೆಗೀಬೇಕು ಕಣೋ!" ಅಂದಳು. ಬೈತಾ ಬೈತಾನೇ ನಗು ಬಂತು, ಅಳುನೂ ಬಂತು.

"ಹ್ಞೂಂ ಅವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಕಾರು ಮನೆಗೆ ಬಂತು, ಅಂಗಳದಲ್ಲಿ ನಿಂತಿತು. ಮೂತಿ ಕಾದು ಕೆಂಡ. ಚನ್ನಾಜಮ್ಮ ಹೊಸಿಲು ದಾಟಿದ್ದಳೋ ಇಲ್ಲವೋ, ರಂಗ ಅಪ್ಪನ ಉದ್ದ ಸ್ಪ್ಯಾನರ್ ತಂದ, ದೂರ ನಿಂತು ಮುಚ್ಚಳಕ್ಕೆ ಒಂದೇಟು ಕೊಟ್ಟ. ಢಂ! ಹಸಿರು ಕಾರಂಜಿ ಸೂರಿನೆತ್ತರ ಎದ್ದಿತು. ಪುಣ್ಯಕ್ಕೆ ಯಾರಿಗೂ ಸುಡಲಿಲ್ಲ. ಮುಚ್ಚಳ ಮಾತ್ರ ಮೇಲಕ್ಕೆ ಹೋಯ್ತು, ಹೋಯ್ತು, ಹೋಗೇ ಹೋಯ್ತು.

ಸೋಮವಾರ ಪುಣೆಯವರು ಬಂದ್ರು. "ಕಾರಿನ ಮುಚ್ಚಳ ಎಲ್ಲಿ?"

ಅಂಗಳದಲ್ಲಿ ರಂಗ ಎರಡು ಕೈ ಬೊಗಸೆ ಮಾಡಿ ಆಕಾಶಕ್ಕೆ ಒಡ್ಡಿಕೊಂಡು ನಿಂತಿದ್ದ. "ಬರುತ್ತೆ ಸ್ವಾಮಿ. ಎರಡು ಕೈಲೂ ಹಿಡ್ಕೋ, ಕೆಳಗೆ ಬೀಳಿಸಬೇಡ ಅಂದಿದ್ದಾಳೆ ನಮ್ಮವ್ವ."

"ಬೇರೆ ಮುಚ್ಚಳ ನಾವೇ ತಗೋತೀವಿ ಬಿಡಿ," ಅಂದ್ರು ಅವರು.

ಚನ್ನಾಜಮ್ಮ ಕಾರು ನೋಡಿದಳು, ಗುಡ್ಡ ನೋಡಿದಳು, ಮಗನ ಬೊಗಸೆ ನೋಡಿದಳು. ಜನ್ಮದಲ್ಲಿ ಮೊದಲ ಸಲ ಮಗನ ಬುದ್ಧಿ ಅವಳಿಗೆ ಸರಿ ಕಂಡಿತು.

"ಬೇರೇದು ಆಗಲ್ಲ ಸ್ವಾಮಿ, ಆ ಮುಚ್ಚಳವೇ ಆಗ್ಬೇಕು," ಅಂದಳು. "ಅದು ಕೆಳಗೆ ಬಂದ ದಿನ ಹೇಳಿ ಕಳಿಸ್ತೀನಿ. ಬಂದು ಕಾರು ತಗೊಂಡು ಹೋಗಿ."

ರಂಗ ಇನ್ನೂ ಬೊಗಸೆ ಇಳಿಸಿಲ್ಲ.