ಪಟೇಲರ ಮೀನಿಗೆ ಉಸಿರು

ಪಟೇಲ ನಂಜರಾಜಪ್ಪನ ಕೊಳದಲ್ಲಿ ಮೀನುಗಳು ಬಾಯಿ ತೆರೆದು ಮೇಲೆ ಬರತೊಡಗಿದವು. ಕೊಳಕ್ಕೆ ಬರುವ ಬಾವಿ ನೀರಿನಲ್ಲಿ ಆಕ್ಸಿಜನ್ ಸಾಲದು, ಅದನ್ನು ಮೊದಲು ತೊಟ್ಟಿಯಲ್ಲಿ ಚೆನ್ನಾಗಿ ಬಡಿದು ಕೊಳಕ್ಕೆ ಬಿಡಬೇಕು ಎಂದು ತಿಳಿದವರು ಹೇಳಿದರು. ಪಟೇಲ ಆಳು ಹೆಂಗಸು ಪುಟ್ಟಮಾದಿಯನ್ನು ಕೂಗಿದ.

"ತೊಟ್ಟಿಗಿಳಿದು ಸಂಜೆವರೆಗೂ ನೀರು ಬಡಿ. ಒಂದು ಮೀನು ಸತ್ತರೂ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗಲಿ ಬುದ್ಧಿ."

ಪಟೇಲ ಉಂಡು ಬರುವಷ್ಟರಲ್ಲಿ ಪುಟ್ಟಮಾದಿಯ ಕೇರಿಯ ಮಕ್ಕಳೆಲ್ಲ ತೊಟ್ಟಿಗೆ ಧುಮುಕಿ ಕುಣಿಯುತ್ತಿದ್ದರು. ಕೊಳದಲ್ಲಿ ಮೀನುಗಳೂ ಕುಣಿಯುತ್ತಿದ್ದವು.

"ಯಾರೇ ಇವರನ್ನ ಬಿಟ್ಟಿದ್ದು? ನೀರೆಲ್ಲ ಮೈಲಿಗೆ!"

"ಮೀನುಗಳೇನೂ ಅನ್ನಲಿಲ್ಲವಲ್ಲ ಬುದ್ಧಿ."

ಪಟೇಲ ದೊಣ್ಣೆ ಎತ್ತಿ ಮಕ್ಕಳನ್ನು ಅಟ್ಟಿದ. ಪುಟ್ಟಮಾದಿಯೂ ತೊಟ್ಟಿಯಿಂದ ಹತ್ತಿ ಬಂದು ದೂರ ನಿಂತಳು.

"ನೀನ್ಯಾಕೆ ನಿಂತೆ?"

"ನಾನೂ ಅದೇ ಕೇರಿಯವಳು ಬುದ್ಧಿ. ಮತ್ತೆ ಮೈಲಿಗೆಯಾದರೆ?"

ದುಡಿಯುವಾಗ ಕಾಣದ ಮೈಲಿಗೆ ಅವನಿಗೆ ಮಕ್ಕಳು ಆಡುವಾಗ ಕಂಡಿತ್ತು. ಅಷ್ಟರಲ್ಲಿ ಮೀನುಗಳು ಮತ್ತೆ ಬಾಯಿ ತೆರೆದು ಮೇಲೆ ಬಂದವು. ಪಟೇಲ ಪಂಚೆ ಎತ್ತಿ ಕಟ್ಟಿ ತಾನೇ ತೊಟ್ಟಿಗಿಳಿದ.

"ಇನ್ನೂ ಜೋರಾಗಿ, ಪಟೇಲ್ರೇ!" ಎಂದು ಮಕ್ಕಳು ಗೋಡೆಯಾಚೆಯಿಂದ ಕೂಗಿದರು.

ಸ್ವಲ್ಪ ಹೊತ್ತಿಗೆ ಪಟೇಲನೂ ಮೀನಿನಂತೆ ಬಾಯಿ ತೆರೆದ. "ಆ ಮಕ್ಕಳನ್ನ ಕರಿಯೇ!"

"ಇವತ್ತು ಮಾತ್ರಾನಾ ಬುದ್ಧಿ?"

"ದಿನಾ ಬರಲಿ, ದಿನಾ!"

ಮಾತು ಮುಗಿಯುವ ಮೊದಲೇ ಇಡೀ ಕೇರಿ ಅವನ ಪಕ್ಕಕ್ಕೆ ಧುಮುಕಿತು.